ಕಿವಿಯ ಅಳತೆ, ಮುಳ್ಳಿನ ಅಳತೆ

ರಾತ್ರಿ ಹತ್ತರ ಸಮಯ. ಮಗು ಆಗಷ್ಟೇ ನಿದ್ದೆ ಹೋಗಿದೆ. ಟಿ.ವಿ.ಯಲ್ಲಿ ಸಿನಿಮಾ ನಡೆಯುತ್ತಿದೆ. ನಾಯಕಿ ಪಿಸುಗುಟ್ಟಿದ್ದು ಕೇಳಿಸಲಿಲ್ಲವೆಂದು ರಿಮೋಟ್ ಒತ್ತಿ ಸದ್ದು ಏರಿಸುತ್ತೀರಿ. ಮರುಕ್ಷಣ ಸಾಬೂನಿನ ಜಾಹೀರಾತು ಬಂದು ಮನೆಯೇ ಅದುರುತ್ತದೆ. ಮಗು ಎದ್ದು ಅಳುತ್ತದೆ, ರಿಮೋಟ್ ದಿಂಬಿನ ಕೆಳಗೆ ಸೇರಿಕೊಂಡಿರುತ್ತದೆ. ಈ ಪುಟ್ಟ ಗೃಹಕಲಹದ ಹಿಂದೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ ಎಂದರೆ ನಂಬುವುದು ಕಷ್ಟ.

ಇಲ್ಲಿ ಒಂದು ಸೋಜಿಗವಿದೆ. ಜಾಹೀರಾತಿನ ಧ್ವನಿ ನಿಗದಿತ ಮಿತಿಯನ್ನು ಮೀರಿಲ್ಲ ಎಂದು ಪ್ರಸಾರ ಸಂಸ್ಥೆಗಳು ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಮಾಪಕದ ಮುಳ್ಳು ಗೆರೆ ದಾಟುತ್ತಿರಲಿಲ್ಲ, ಕಿವಿ ಮಾತ್ರ ನೋಯುತ್ತಿತ್ತು. ಹಾಗಾದರೆ ಮುಳ್ಳು ಅಳೆಯುತ್ತಿದ್ದುದಾದರೂ ಏನನ್ನು?

ಉತ್ತರದ ಮೊದಲ ತುಣುಕು ದೊರೆತದ್ದು 1933ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಎಂಬ ವಿಜ್ಞಾನಿಗಳು ಕೇಳುಗರ ಕಿವಿಗೆ ಹೆಡ್‌ಫೋನ್ ಹಾಕಿ ಬೇರೆ ಬೇರೆ ಸ್ವರಗಳನ್ನು ಕೇಳಿಸಿದರು. ಪ್ರತಿಯೊಂದು ಸ್ವರವನ್ನೂ 1000 ಹರ್ಟ್ಸ್‌ನ ಒಂದು ಸ್ವರಕ್ಕೆ ಹೋಲಿಸಿ, ಎರಡೂ ಯಾವಾಗ ಸಮನಾಗಿ ಕೇಳುತ್ತವೆ ಎಂದು ಪರೀಕ್ಷಿಸಿದರು. ತಂಬೂರಿಯ ಮಂದ್ರದಂಥ ಕೆಳದನಿಗಳಿಗೆ ಎಷ್ಟೋ ಹೆಚ್ಚು ಶಕ್ತಿ ಕೊಟ್ಟರೂ ಕಿವಿ ಅವನ್ನು ಮೆಲ್ಲನೆಯ ಸದ್ದೆಂದೇ ತಿಳಿಯುತ್ತಿತ್ತು. ಅಂದರೆ ಗಟ್ಟಿತನ, ತಂತ್ರಜ್ಞರು ‘ಲೌಡ್‌ನೆಸ್’ ಎನ್ನುವುದು, ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಗುಣವಲ್ಲ. ಅದು ಕೇಳುವವನ ತಲೆಯೊಳಗೆ ಹುಟ್ಟುವ ಅನುಭವ.

ಈ ತಿಳಿವಳಿಕೆ ಪ್ರಸಾರ ಕೇಂದ್ರಗಳ ಮಾಪಕಗಳಿಗೆ ಇಳಿಯಲು ಏಳು ದಶಕಗಳು ಬೇಕಾದವು. 1939ರಲ್ಲಿ ಬೆಲ್ ಪ್ರಯೋಗಾಲಯವು ಸಿಬಿಎಸ್ ಮತ್ತು ಎನ್‌ಬಿಸಿ ರೇಡಿಯೊ ಸಂಸ್ಥೆಗಳ ಜೊತೆಗೂಡಿ ರೂಪಿಸಿದ ‘ವಿಯು’ ಮೀಟರಿನ ಮುಳ್ಳು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗದಷ್ಟು ನಿಧಾನವಾಗಿ ಏಳುತ್ತಿತ್ತು. ಬ್ರಿಟನ್ನಿನ ಬಿಬಿಸಿ ಬಳಸಿದ ಮಾಪಕ ಇದಕ್ಕೆ ವಿರುದ್ಧವಾಗಿ ಸದ್ದಿನ ಶಿಖರಗಳನ್ನು ಹಿಡಿಯುತ್ತಿತ್ತು. ಎರಡೂ ಉಪಕರಣಗಳಿಗೆ ಫ್ಲೆಚರ್-ಮನ್ಸನ್ ಕಂಡ ಕಿವಿಯ ಪಕ್ಷಪಾತ ಗೊತ್ತಿರಲಿಲ್ಲ. ಅವು ಕಾಯುತ್ತಿದ್ದುದು ಯಂತ್ರಗಳನ್ನು, ಕೇಳುಗನನ್ನಲ್ಲ.

ಜಾಹೀರಾತಿನವರು ನುಸುಳಿದ್ದು ಈ ಸಂದಿಯಲ್ಲೇ. ಶಿಖರಗಳನ್ನು ಮೊಟಕುಗೊಳಿಸಿ, ತಗ್ಗುಗಳನ್ನು ಮೇಲೆತ್ತಿ, ಇಡೀ ಧ್ವನಿಯನ್ನು ಹಲಗೆಯಂತೆ ಸಮತಟ್ಟು ಮಾಡಿದರೆ ಮಿತಿ ದಾಟದೆಯೇ ಗಟ್ಟಿತನ ಏರುತ್ತದೆ. ಸಂಗೀತ ಕಂಪೆನಿಗಳೂ ಇದೇ ಹಾದಿ ಹಿಡಿದವು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಸಿ.ಡಿ. ಹೊರಬಂದಾಗ, ಅದೇ ಹಾಡುಗಳು ಒಂದು ವಿಡಿಯೊ ಆಟದಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳುತ್ತಿರುವುದನ್ನು ಅಭಿಮಾನಿಗಳೇ ಪತ್ತೆ ಹಚ್ಚಿದರು. ಮತ್ತೆ ಮಿಶ್ರಣ ಮಾಡಿಕೊಡಿ ಎಂದು ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು. ಕೊಂಡವರೇ ‘ಇಷ್ಟು ಗಟ್ಟಿ ಬೇಡ’ ಎಂದು ಅಂಗಲಾಚಿದ್ದು ವ್ಯಾಪಾರದ ಇತಿಹಾಸದಲ್ಲಿ ಅಪರೂಪವೇ ಸರಿ.

ಪರಿಹಾರ ಬಂದದ್ದು ಕೆನಡಾದಿಂದ. ಅಲ್ಲಿನ ಸಂಪರ್ಕ ಸಂಶೋಧನಾ ಕೇಂದ್ರದಲ್ಲಿ ಗಿಲ್ಬರ್ಟ್ ಸುಲೋದ್ರ್ ಅವರು ಹಲವು ಮಾಪನ ವಿಧಾನಗಳನ್ನು ಮನುಷ್ಯರ ತೀರ್ಪಿನೊಂದಿಗೆ ಹೋಲಿಸಿ ನೋಡಿದರು. ಕಿವಿಯ ರಚನೆಯನ್ನೇ ಅನುಕರಿಸುವ ಜಟಿಲ ಗಣಿತಗಳಿಗಿಂತ, ಕೆಳದನಿಗಳನ್ನು ತಗ್ಗಿಸಿ ಉಳಿದುದರ ಸರಾಸರಿ ಶಕ್ತಿಯನ್ನು ಲೆಕ್ಕ ಹಾಕುವ ಸರಳ ವಿಧಾನವೇ ಚೆನ್ನಾಗಿ ಹೊಂದಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಬಿಎಸ್ 1770 ಎಂಬ ಮಾನಕಕ್ಕೆ ಇದನ್ನೇ ಬುನಾದಿ ಮಾಡಿಕೊಂಡಿತು. 2010ರಲ್ಲಿ ಯೂರೋಪಿನ ಪ್ರಸಾರ ಒಕ್ಕೂಟವು ಕಾರ್ಯಕ್ರಮಗಳೆಲ್ಲ ಈ ಅಳತೆಯಲ್ಲಿ ಮೈನಸ್ 23ಕ್ಕೆ ಹೊಂದಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಅಮೆರಿಕದಲ್ಲಿ ಗದ್ದಲದ ಜಾಹೀರಾತುಗಳಿಗೆ ಕಡಿವಾಣ ಹಾಕುವ ಕಾಯ್ದೆಗೆ ಅಧ್ಯಕ್ಷ ಒಬಾಮ ಸಹಿ ಹಾಕಿದರು. 2012ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ 2012ರ ಜೂನ್‌ನಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಡಾಲ್ಬಿ ಆಟ್ಮೋಸ್ ತೆರೆಗೆ ಬಂದಿತ್ತು. ಅದುವರೆಗೆ ಸ್ಟುಡಿಯೊದಲ್ಲಿ ಎಲ್ಲ ಧ್ವನಿಗಳನ್ನೂ ಬೆರೆಸಿ, ಎಡ, ಬಲ, ಹಿಂದೆ ಎಂದು ಸ್ಪೀಕರುಗಳಿಗೆ ಹಂಚಿಯೇ ಕಳಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಹೆಲಿಕಾಪ್ಟರ್ ಒಂದು, ಮಾತು ಒಂದು, ಮಳೆ ಒಂದು ಎಂಬಂತೆ ಧ್ವನಿಗಳು ಬಿಡಿಬಿಡಿ ‘ಆಬ್ಜೆಕ್ಟ್’ಗಳಾಗಿ, ತಾವು ಎಲ್ಲಿ ಕೇಳಬೇಕೆಂಬ ಟಿಪ್ಪಣಿ ಹೊತ್ತು ಬರುತ್ತವೆ. ಹಿಂದೆ ಮಾಡಿದ ಸಾರು ಮನೆಗೆ ಬರುತ್ತಿತ್ತು. ಈಗ ಬೇಳೆ, ಹುಣಿಸೆ, ಪುಡಿ ಬೇರೆ ಬೇರೆ ಪೊಟ್ಟಣಗಳಲ್ಲಿ, ಮಾಡುವ ವಿಧಾನದ ಚೀಟಿಯ ಸಮೇತ ಬರುತ್ತವೆ. ಅಡುಗೆ ನಿಮ್ಮ ಮನೆಯಲ್ಲೇ ಆಗುವಾಗ ಉಪ್ಪು ಹದವಾಗಿದೆಯೇ ಎಂದು ಕಳಿಸುವವನು ಹೇಗೆ ನೋಡಿಯಾನು?

ತೊಡಕು ನಿಜವಾದುದು. ಒಂದೇ ದನಿ ಎರಡು ಸ್ಪೀಕರುಗಳಿಂದ ಬಂದರೆ ಕೋಣೆಯಲ್ಲಿ ಅದರ ಮಟ್ಟ ಸುಮಾರು 3 ಡೆಸಿಬೆಲ್ ಏರುತ್ತದೆ. ಅದನ್ನೇ ತಂತಿಯಲ್ಲಿ ಕೂಡಿಸಿ ಒಂದು ಸ್ಪೀಕರಿಗೆ ಕೊಟ್ಟರೆ ಏರಿಕೆ 6 ಡೆಸಿಬೆಲ್. ಒಬ್ಬರ ಮನೆಯಲ್ಲಿ ಹನ್ನೆರಡು ಸ್ಪೀಕರ್, ಇನ್ನೊಬ್ಬರ ಕೈಯಲ್ಲಿ ಮೊಬೈಲ್. ಹಂಚುವ ಲೆಕ್ಕಾಚಾರ ಎಚ್ಚರ ತಪ್ಪಿದರೆ ಒಂದೇ ಸಿನಿಮಾ ಎರಡು ಮನೆಗಳಲ್ಲಿ ಎರಡು ಮಟ್ಟದಲ್ಲಿ ಕೇಳೀತು. ಸಾಲದ್ದಕ್ಕೆ ಕೇಳುಗನಿಗೆ ಈಗ ಆಯ್ಕೆಯೂ ಉಂಟು. ಪಂದ್ಯದ ವೀಕ್ಷಕ ವಿವರಣೆಯನ್ನು ಬೇರೆ ಭಾಷೆಗೆ ಬದಲಿಸಬಹುದು, ಇಲ್ಲವೇ ತೆಗೆದೇ ಹಾಕಿ ಮೈದಾನದ ಗದ್ದಲವನ್ನಷ್ಟೇ ಇಟ್ಟುಕೊಳ್ಳಬಹುದು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಪ್ರಮುಖ ಪಾತ್ರ ವಹಿಸಿದ, 2015ರಲ್ಲಿ ಪ್ರಕಟವಾದ ಎಂಪೆಗ್-ಎಚ್ ಮಾನಕ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು. ಸಂಭವನೀಯ ಆಯ್ಕೆಗಳ ಗಟ್ಟಿತನವನ್ನು ಮೊದಲೇ ಅಳೆದು, ಆ ಅಂಕಿಗಳನ್ನು ಧ್ವನಿಯ ಜೊತೆಗೇ ಕಳಿಸುವುದು. ನೀವು ಯಾವುದನ್ನು ಆರಿಸಿದರೂ ಪೆಟ್ಟಿಗೆ ಆ ಅಂಕಿ ಓದಿ ಮಟ್ಟ ಸರಿಪಡಿಸುತ್ತದೆ. ದಕ್ಷಿಣ ಕೊರಿಯ 2017ರ ಮೇ ತಿಂಗಳಲ್ಲಿ ಇದನ್ನು ತನ್ನ ಅತಿಸ್ಪಷ್ಟ ಟಿ.ವಿ. ಪ್ರಸಾರಕ್ಕೆ ಅಳವಡಿಸಿಕೊಂಡಿತು. ಬಿಎಸ್ 1770ರ 2023ರ ಆವೃತ್ತಿಯೂ ಬಿಡಿ ಧ್ವನಿಗಳಿಗೆ ಜಾಗ ಮಾಡಿಕೊಟ್ಟಿದೆ. ಮೊದಲು ಅವನ್ನು ಗೊತ್ತಾದ ಒಂದು ಸ್ಪೀಕರ್ ಜೋಡಣೆಗೆ ಹಂಚಿ, ಅನಂತರ ಅಳೆಯಬೇಕು. ಆ ಅಂಕಿ ಒಂದು ಮಾದರಿ ಕೋಣೆಯದು, ನಿಮ್ಮ ನನ್ನ ಕೋಣೆಯದಲ್ಲ ಎಂಬ ಕೊರತೆ ಇದ್ದೇ ಇದೆ.

ಇನ್ನೊಂದು ಜಗಳ ಹಳೆಯದು: ಸಮನಾಗಿರಬೇಕಾದದ್ದು ಇಡೀ ಕಾರ್ಯಕ್ರಮವೋ, ಮಾತೋ? ಯೂರೋಪು ಮೊದಲಿನದನ್ನು ಹಿಡಿಯಿತು, ಅಮೆರಿಕದಲ್ಲಿ ಮಾತಿಗೆ ಮಣೆ. ಈ ಲೇಖಕನಿಗೆ ಅಮೆರಿಕದವರ ವಾದವೇ ಸರಿ ಎನಿಸುತ್ತದೆ. ಕಾರಣ, ಮನೆಯಲ್ಲಿರುವ ಅಜ್ಜಿ. ಕಿವಿ ಮಂದವಾದ ಆಕೆ ಧಾರಾವಾಹಿ ನೋಡುವಾಗ ‘ಮಾತು ಜೋರು ಮಾಡೋ, ಆ ಹಾಳು ಸಂಗೀತ ಕಡಿಮೆ ಮಾಡೋ’ ಎನ್ನುತ್ತಾಳೆ. ಒಂದೇ ಗುಂಡಿಯ ರಿಮೋಟಿನಲ್ಲಿ ಎರಡೂ ಒಟ್ಟಿಗೆ ಏರುತ್ತವೆ, ಇಲ್ಲವೇ ಒಟ್ಟಿಗೆ ಇಳಿಯುತ್ತವೆ. ಅಷ್ಟರಲ್ಲಿ ಪಕ್ಕದ ಮನೆಯವರು ಕಿಟಕಿ ಮುಚ್ಚಿರುತ್ತಾರೆ. ಎಂಪೆಗ್-ಎಚ್‌ನಲ್ಲಿ ಮಾತನ್ನಷ್ಟೇ ಏರಿಸಲು ಅವಕಾಶ ಕೊಡಬಹುದು. ಹಾಗೆ ಏರಿಸಿದಾಗ ಪೆಟ್ಟಿಗೆ ಸುಮ್ಮನಿರುವುದಿಲ್ಲ. ಎಷ್ಟು ಹೆಚ್ಚಾಯಿತೆಂದು ಲೆಕ್ಕ ಹಾಕಿ, ಒಟ್ಟು ಸದ್ದನ್ನು ಅಷ್ಟೇ ತಗ್ಗಿಸುತ್ತದೆ. ಮಾತು ಮುಂದೆ ಬರುತ್ತದೆ, ಸಂಗೀತ ಹಿಂದೆ ಸರಿಯುತ್ತದೆ, ಪಕ್ಕದ ಮನೆಗೆ ಕೇಳುವ ಸದ್ದು ಇದ್ದಷ್ಟೇ ಇರುತ್ತದೆ.