ಆಟಿಸಂ: ಕಲಿತವರೇ ಹೇಳಿದ ಶಾಲೆಯ ಕಥೆ

ಆಟಿಸಂ ಅಥವಾ ಸ್ವಲೀನತೆ ಎಳವೆಯಿಂದಲೇ ಇರುವ ನರವಿಕಾಸದ ಭಿನ್ನತೆ. ಮಾತು, ಒಡನಾಟ, ಸದ್ದು-ಬೆಳಕು-ಸ್ಪರ್ಶಗಳ ಅನುಭವ ಆಟಿಸಂ ಇರುವವರಲ್ಲಿ ಬೇರೆ ಬಗೆಯದಾಗಿರುತ್ತದೆ. ಇಂಥ ಮಕ್ಕಳ ಶಿಕ್ಷಣದ ಬಗ್ಗೆ ವೈದ್ಯರು, ಶಿಕ್ಷಕರು, ಹೆತ್ತವರು ಬರೆದದ್ದು ರಾಶಿ ಇದೆ. ಕಲಿತವರೇ ಹೇಳಿದ್ದು ಕಡಿಮೆ. ಇರುವಷ್ಟರಲ್ಲಿ ಕರ್ನಾಟಕಕ್ಕೆ ತೀರ ಹತ್ತಿರದ್ದು ಟೀಟೊ ರಾಜರ್ಷಿ ಮುಖೋಪಾಧ್ಯಾಯರ ಬರಹ.

ಬಾಲ್ಯದ ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟೀಟೊಗೆ ಬಾಯಿಮಾತು ತೀರಾ ಕಡಿಮೆ. ತಾಯಿ ಸೋಮಾ ಅಕ್ಷರದ ಹಲಗೆ ಹಿಡಿದು, ಪೆನ್ಸಿಲನ್ನು ಕೈಗೆ ಕಟ್ಟಿ ಮನೆಯಲ್ಲೇ ಪಾಠ ಹೇಳಿದರು. ಹುಡುಗ ಬರೆದದ್ದನ್ನು ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2000ದಲ್ಲಿ ‘ಬಿಯಾಂಡ್ ದ ಸೈಲೆನ್ಸ್’ ಎಂಬ ಪುಸ್ತಕವಾಗಿ ತಂದಿತು. ಟೀಟೊ ಹೇಳುವ ಪ್ರಕಾರ ಅವರು ಲೋಕವನ್ನು ಅರಿಯುವುದು ಮುಖ್ಯವಾಗಿ ಕಿವಿಯಿಂದ. ಕೇಳುತ್ತಲೇ ನೋಡುವುದು ಅವರಿಗೆ ಕಷ್ಟ. ಕೈ ಬಡಿಯುವುದು, ಗಿರಗಿರನೆ ತಿರುಗುವುದು ತುಂಟತನವಲ್ಲ. ಚೆದುರಿದಂತಿರುವ ಮೈಯನ್ನು ಒಟ್ಟುಗೂಡಿಸಿಕೊಳ್ಳುವ ದಾರಿ. ಯೋಚಿಸುವ ತಾನು ಒಂದು ಕಡೆ, ಮೈಯಾಡಿಸುವ ತಾನು ಇನ್ನೊಂದು ಕಡೆ ಎಂದೂ ಅವರು ವಿವರಿಸುತ್ತಾರೆ. “ಇಲ್ಲಿ ನೋಡು, ಕೈಕಟ್ಟಿ ಕೂತ್ಕೋ” ಎಂಬ ನಮ್ಮ ತರಗತಿಯ ಮೊದಲ ಪಾಠವನ್ನೇ ಈ ಮಾತುಗಳು ತಲೆಕೆಳಗು ಮಾಡುತ್ತವೆ.

ಸೋಮಾ ಅವರ ಪದ್ಧತಿ ಮುಂದೆ ‘ರ‍್ಯಾಪಿಡ್ ಪ್ರಾಂಪ್ಟಿಂಗ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಹರಡಿತು. ಹಲಗೆ ಹಿಡಿದವರ ಸುಳಿವು ಮಗುವಿನ ಉತ್ತರದೊಳಗೆ ನುಸುಳಬಹುದೆಂಬ ಕಾರಣಕ್ಕೆ, ಅಲ್ಲಿನ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಈ ಪದ್ಧತಿ ಬೇಡವೆಂದು ಹೇಳಿತು. ಆ ಎಚ್ಚರಿಕೆ ನ್ಯಾಯವೇ. ಆದರೆ ಟೀಟೊ ಸ್ವಂತ ಕೈಯಲ್ಲಿ ಬರೆಯುವುದನ್ನೂ ಕಲಿತವರು. ಪದ್ಧತಿಯ ಮೇಲಿನ ಅನುಮಾನವನ್ನು ಅವರ ಬರಹದ ಮೇಲೆಲ್ಲ ಹೊರಿಸುವುದು ಸರಿಯಲ್ಲ.

ಬೇರೆಡೆಯ ದನಿಗಳೂ ಇವೆ. ಆಟಿಸಂ ಇರುವ ಅಮೆರಿಕದ ಲೇಖಕಿ ಟೆಂಪಲ್ ಗ್ರಾಂಡಿನ್, ತಮ್ಮ ಹುಚ್ಚು ಆಸಕ್ತಿಯನ್ನು ಬಿಡಿಸದೆ ಅದನ್ನೇ ವಿಜ್ಞಾನದ ಕಡೆ ತಿರುಗಿಸಿದ ಮೇಷ್ಟ್ರನ್ನು ನೆನೆಯುತ್ತಾರೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್, ಆಟಿಸಂ ಇರುವವರು ಮತ್ತು ಇಲ್ಲದವರ ನಡುವೆ ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ ಎಂದು 2012ರಲ್ಲಿ ವಾದಿಸಿದರು.

ನಮ್ಮ ಅಳತೆಗೋಲು ಮಾತ್ರ ಒಂದೇ ಕಡೆಯಿಂದ ನೋಡುತ್ತದೆ. ಭಾರತದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ‘ಇಸಾ’ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಮೊತ್ತ 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಟಿಸಂ. ಮಗುವನ್ನು ಗಮನಿಸಿ, ಹೆತ್ತವರನ್ನು ವಿಚಾರಿಸಿ ಅಂಕ ಹಾಕುತ್ತಾರೆ. ಕಣ್ಣಿಗೆ ಕಣ್ಣು ಕೊಡದಿರುವುದು ಅದರಲ್ಲಿ ಒಂದು ಕೊರತೆ. ಯಾಕೆ ಕೊಡುವುದಿಲ್ಲವೆಂದು ಮಗುವನ್ನು ಕೇಳುವ ಅಂಕಣ ಆ ಪಟ್ಟಿಯಲ್ಲಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯಂಥ ಹಳೆಯ, ಗಿಜಿಗುಡುವ ಬಡಾವಣೆಯಲ್ಲಿ ಮಗುವನ್ನೇ ಕೇಳುವ ಈ ಪ್ರಶ್ನೆಗೆ ಇನ್ನೊಂದು ಮಡಿಕೆಯಿದೆ. ಇಲ್ಲಿ ಮನೆಯಲ್ಲಿ ತೆಲುಗೋ ಉರ್ದುವೋ, ಬೀದಿಯಲ್ಲಿ ಎಲ್ಲ ಬೆರೆತ ಮಾತು, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ ಆಗಿರುವುದು ಸಾಮಾನ್ಯ. ಮಗುವನ್ನು ಯಾವ ಮಾತಿನಲ್ಲಿ ಕೇಳಬೇಕೆಂಬುದೇ ಮೊದಲ ತೀರ್ಮಾನವಾಗಬೇಕು. ಬೇಸಿಗೆಯಲ್ಲಿ ಸೆಖೆ ಏರಿದಾಗ ಫ್ಯಾನಿನ ಗರಗರ, ಇಡೀ ತರಗತಿ ಒಟ್ಟಾಗಿ ಕೂಗುವ ಮಗ್ಗಿ, ಬಿಸಿಯೂಟದ ಹೊತ್ತಿನ ತಟ್ಟೆಗಳ ಸದ್ದು: ಉಳಿದ ಮಕ್ಕಳು ಗಮನಿಸದ ಇವು ಆಟಿಸಂ ಇರುವ ಮಗುವಿಗೆ ಪಾಠವನ್ನೇ ಮುಚ್ಚಿಬಿಡಬಹುದು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ತಾಲ್ಲೂಕುಗಳಲ್ಲಿ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವಿದೆ. ಮನೆಗೆ ಹೋಗುವ ಶಿಕ್ಷಕರು ಚಿತ್ರದ ಕಾರ್ಡು ಮುಂದಿಟ್ಟು ಯಾವುದು ಬೇಕು, ಯಾವುದು ಬೇಡ ಎಂದು ಮಗುವಿನಿಂದಲೇ ತೋರಿಸಿಕೊಂಡರೆ ಅದೂ ಅಭಿಪ್ರಾಯವೇ.

ಹಾಗೆ ಕೇಳುವುದು ಯಾರ ಔದಾರ್ಯವೂ ಅಲ್ಲ. 21 ಅಂಗವೈಕಲ್ಯಗಳ ಪಟ್ಟಿಗೆ ಆಟಿಸಂ ಅನ್ನು ಸೇರಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4ನೇ ಕಲಮು, ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅಭಿಪ್ರಾಯ ಹೇಳುವ ಹಕ್ಕನ್ನು ಇಂಥ ಮಕ್ಕಳಿಗೆ ಕೊಟ್ಟಿದೆ. ಅದಕ್ಕೆ ಬೇಕಾದ ನೆರವು ಒದಗಿಸುವುದು ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆ.