ರೈಲು ನಿಂತ ಹತ್ತು ವರ್ಷ

ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯವರು ಬೆಂಗಳೂರಿನಿಂದ ಊರಿಗೆ ಬರಲು ಹತ್ತುವ ಪಂಚಗಂಗಾ ಎಕ್ಸ್‌ಪ್ರೆಸ್, ರಾತ್ರಿ ಹೊತ್ತಿನಲ್ಲಿ ಸಕಲೇಶಪುರದ ಘಟ್ಟ ಇಳಿಯುತ್ತದೆ. ಆಗ ಹೆಚ್ಚಿನವರು ನಿದ್ದೆಯಲ್ಲಿರುತ್ತಾರೆ. ಒಂದು ಕಾಲದಲ್ಲಿ ಈ ಹಾದಿಯಲ್ಲೇ ಜನ ಬೆನ್ನಿಗೆ ಚೀಲ ಏರಿಸಿಕೊಂಡು ನಡೆದು ಹೋಗುತ್ತಿದ್ದರೆಂಬುದು ಇಂದಿನ ಅನೇಕ ಪ್ರಯಾಣಿಕರಿಗೆ ಗೊತ್ತಿರಲಾರದು.

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗದಲ್ಲಿ ಸರಕು ರೈಲು ಓಡತೊಡಗಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದೂರದಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕಿ ಸೇತುವೆಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು. ಸುತ್ತಲೂ ಆನೆಗಳಿರುವ ಮಳೆಕಾಡು. ಬ್ರಾಡ್ ಗೇಜ್‌ಗೆ ಪರಿವರ್ತಿಸಲೆಂದು 1996ರಲ್ಲಿ ಇಲ್ಲಿ ರೈಲು ಸಂಚಾರ ನಿಂತಿತು. ಸರಕು ರೈಲು ಮರಳಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರಲ್ಲಿ.

ಈ ಬಿಡುವಿನಲ್ಲಿ ಚಾರಣಿಗರು ಘಟ್ಟಕ್ಕೆ ಬಂದರು. ಅವರ ಬಾಯಲ್ಲಿ ಈ ಹಾದಿ ‘ಗ್ರೀನ್ ರೂಟ್’ ಆಯಿತು. ಕಾಡಿನ ನಡುವಿನ ಯಡಕುಮರಿ ನಿಲ್ದಾಣ ರಾತ್ರಿಯ ತಂಗುದಾಣವಾಯಿತು. ಇದು ಯೋಜನೆಯಿಂದಲ್ಲ, ರೂಢಿಯಿಂದ ಹುಟ್ಟಿದ ಹಾದಿ.

ಅಮೆರಿಕದಲ್ಲಿ ಇಂಥದಕ್ಕೆ ಕಾನೂನೇ ಇದೆ. 1983ರಲ್ಲಿ ಅಲ್ಲಿನ ಕಾಂಗ್ರೆಸ್ ಮಾಡಿದ ತಿದ್ದುಪಡಿಯಂತೆ, ರೈಲು ನಿಂತ ಮಾರ್ಗವನ್ನು ತುಂಡು ತುಂಡಾಗಿ ಹಂಚಿಹೋಗಲು ಬಿಡದೆ ಕಾಲುಹಾದಿಯಾಗಿ ಬಳಸಬಹುದು. ಮುಂದೆ ರೈಲು ಬೇಕಾದರೆ ಮರಳಿಸಬೇಕು. ಇಂಗ್ಲೆಂಡಿನ ಬಾತ್ ನಗರದ ಕೂಮ್ ಡೌನ್ ಸುರಂಗದಲ್ಲಿ 1966ರಲ್ಲಿ ರೈಲು ನಿಂತಿತ್ತು. ಒಂದೂವರೆ ಕಿ.ಮೀ.ಗೂ ಉದ್ದವಾದ ಆ ಸುರಂಗ 2013ರಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ತೆರೆಯಿತು. ಆದರೆ ಒಳಗೆ ಬಾವಲಿಗಳಿವೆ. ಅವುಗಳಿಗಾಗಿ ರಾತ್ರಿ ದೀಪ ಆರಿಸುತ್ತಾರೆ. ಹಗಲು ಮನುಷ್ಯನಿಗೆ, ಇರುಳು ಬಾವಲಿಗೆ ಎಂಬ ಒಪ್ಪಂದವಿದು.

ಸಕಲೇಶಪುರದ ಹಾದಿ ಅಮೆರಿಕದ ಕಾನೂನು ಹೇಳಿದಂತೆಯೇ, ಕಾನೂನಿಲ್ಲದೆ ನಡೆದುಕೊಂಡಿತು: ಹತ್ತು ವರ್ಷ ಕಾಲುಹಾದಿ, ಮತ್ತೆ ರೈಲುಹಾದಿ. ಇಲ್ಲದೆ ಹೋದದ್ದು ಬಾತ್‌ನಂಥ ಒಪ್ಪಂದ. ಆನೆಯ ಕಾಡಿನಲ್ಲಿ ಎಷ್ಟು ಮಂದಿ, ಯಾವ ಹೊತ್ತಿನಲ್ಲಿ, ಎಲ್ಲಿಯವರೆಗೆ ನಡೆಯಬಹುದೆಂಬ ಲೆಕ್ಕ ಈ ಹಾದಿಗಿರಲಿಲ್ಲ. ರೈಲು ಮರಳಿದ ಮೇಲೂ ಚಾರಣಿಗರ ರೂಢಿ ತಪ್ಪಲಿಲ್ಲ. ಸುರಂಗದೊಳಗೆ ಎದುರಿನಿಂದ ರೈಲು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕಾದ ಅಪಾಯವಿತ್ತು. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧ.

ರೈಲು ನಿಂತ ಹಾದಿ ಖಾಲಿ ಉಳಿಯುವುದಿಲ್ಲ. ಕಾಡೂ ಬರುತ್ತದೆ, ಜನರೂ ಬರುತ್ತಾರೆ. ಯಾರಿಗೆ ಯಾವ ಹೊತ್ತು ಎಂಬುದನ್ನು ಹಳಿಯ ನಡುವೆ ಹುಲ್ಲು ಬೆಳೆಯುವ ಮೊದಲೇ ತೀರ್ಮಾನಿಸಬೇಕು ಎಂಬುದೇ ಆ ಹತ್ತು ವರ್ಷಗಳ ಪಾಠ.