ಡಿಡಿಮೊಗ್ರಾಪ್ಟಸ್ ಮರ್ಚಿಸೋನಿ: ಗೂಡೇ ಹೇಳುವ ಕುಲ

ವೇಲ್ಸ್‌ನ ಅಬರೆಡ್ಡಿ ಕೊಲ್ಲಿಯ ಕಪ್ಪು ಶೇಲ್ ಕಲ್ಲಿನಲ್ಲಿ ಸಿಗುವ ಈ ಗ್ರಾಪ್ಟೊಲೈಟ್ ಸುಮಾರು 46 ಕೋಟಿ ವರ್ಷ ಹಳೆಯದು. ಶ್ರುತಿಕವೆಯಂತೆ ಕಾಣುವ ಇದು ಒಂದು ಜೀವಿಯಲ್ಲ, ಇಡೀ ವಸಾಹತು. ಎರಡು ತೋಳುಗಳ ಒಳ ಅಂಚನ್ನು ಗಮನಿಸಿ: ಅಲ್ಲಿನ ಒಂದೊಂದು ಹಲ್ಲೂ ಒಂದೊಂದು ಪುಟ್ಟ ಪ್ರಾಣಿ ವಾಸವಿದ್ದ ಕೊಳವೆಯ ಬಾಯಿ. ತೋಳುಗಳು ಕೂಡುವಲ್ಲಿರುವ ಶಂಕುವಿನಾಕಾರದ ಸಿಕ್ಯುಲಾ, ವಸಾಹತಿನ ಮೊದಲ ಪ್ರಾಣಿಯ ಗೂಡು.

ಕವಲೊಡೆದು ಬೆಳೆಯುವ ಗುಣವನ್ನು ನೋಡಿ ಗ್ರಾಪ್ಟೊಲೈಟ್‌ಗಳನ್ನು ಹವಳದ ಬಂಧುಗಳಾದ ಹೈಡ್ರಾಯ್ಡ್‌ಗಳ ಜೊತೆ ಸೇರಿಸಿದವರಿದ್ದರು. ಮೆದು ದೇಹವೇ ಉಳಿದಿಲ್ಲದಾಗ ಬರೀ ಗೂಡನ್ನು ನಂಬಬಹುದೇ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಆದರೆ ಪೋಲೆಂಡಿನ ರೋಮನ್ ಕೊಜ್ಲೋವ್‌ಸ್ಕಿ ಆಮ್ಲದಲ್ಲಿ ಕಲ್ಲನ್ನು ಕರಗಿಸಿ ಬಿಡಿಸಿದ ಗ್ರಾಪ್ಟೊಲೈಟ್‌ಗಳಲ್ಲಿ, ಅರ್ಧ ಉಂಗುರಗಳು ಅಂಕುಡೊಂಕಾಗಿ ಕೂಡಿಕೊಂಡ ಗೋಡೆಗಳು ಸ್ಪಷ್ಟವಾಗಿ ಕಂಡವು. ಹೈಡ್ರಾಯ್ಡ್‌ಗಳಲ್ಲಿ ಇಂಥ ರಚನೆಯಿಲ್ಲ. ಇಂದಿಗೂ ಕಡಲಲ್ಲಿರುವ ಹೆಮಿಕಾರ್ಡೇಟ್ ಪ್ರಾಣಿಯಾದ ರ‍್ಯಾಬ್ಡೊಪ್ಲೂರದ ಕೊಳವೆಗಳಲ್ಲಿ ಇದೆ. ಗೋಡೆ ಕಟ್ಟುವ ವಿಧಾನವೇ ಒಂದಾಗಿರುವುದರಿಂದ, ಹೊರಗಿನ ಹೋಲಿಕೆಗಿಂತ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು. ಹಾಗಾಗಿ ಇವುಗಳ ಸರಿಯಾದ ಸ್ಥಾನ ಕಶೇರುಕಗಳಿಗೆ ದೂರದ ನೆಂಟರಾದ ಹೆಮಿಕಾರ್ಡೇಟ್‌ಗಳ ಸಾಲಿನಲ್ಲಿ.